ಕುರಿಮರಿಯ ಪುಟ

ಕಳೆದ ತಿಂಗಳು ನಮ್ಮ ಹಳೆಯ ನಿಘಂಟು ಕಚೇರಿಗೆ ಹೊಸದಾಗಿ ಸೇರಿದ ಇಬ್ಬರು ನನ್ನನ್ನು ನೋಡಲು ಮನೆಗೆ ಬಂದಿದ್ದರು. ಇಬ್ಬರೂ ಎಂ.ಎ. ಮಾಡಿದವರು, ಕೆಲಸದಲ್ಲಿ ಆಸೆ ಇದ್ದವರು. ಕಾಫಿ ಕುಡಿಯುತ್ತಾ ಒಬ್ಬರು ಹೇಳಿದರು: “ಸರ್, ನೀವು ಮಾಡಿದ ಕುರಿಮರಿ ಶಬ್ದದ ಪುಟವನ್ನು ನಮಗೆ ಮೊದಲ ದಿನವೇ ಕೊಟ್ಟಿದ್ದಾರೆ. ಒಂದು ಶಬ್ದವನ್ನು ಹೇಗೆ ಬಿಡಿಸಬೇಕು ಅಂತ ಅದನ್ನು ನೋಡಿ ಕಲಿಯಿರಿ ಅಂದ್ರು.” ನಾನು ಮಾತು ತಿರುಗಿಸಿ ಗೋಳಿಬಜೆಯ ತಟ್ಟೆಯನ್ನು ಅವರ ಮುಂದೆ ಸರಿಸಿದೆ.

ಆ ಪುಟದ ಕಥೆಯನ್ನು ಅವರಿಗೆ ಹೇಳಬೇಕಿತ್ತು. ಎದುರು ಕೂತು ಹೇಳುವ ಧೈರ್ಯ ಬರಲಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ನಾನು ಎಷ್ಟು ವರ್ಷ ದುಡಿದೆ, ಯಾವ ಕುರ್ಚಿಯಿಂದ ಯಾವ ಕುರ್ಚಿಗೆ ಹೋದೆ ಎಂಬುದರಿಂದ ಯಾರಿಗೂ ಏನೂ ಸಿಗುವುದಿಲ್ಲ. ಕೆಲಸ ನಿಜವಾಗಿ ಹೇಗಿತ್ತು, ಅದರಲ್ಲಿ ನಾನು ಎಲ್ಲಿ ಕೆಟ್ಟೆ ಎಂಬುದಷ್ಟೇ ಹೇಳುವಂಥದ್ದು.

ನಮ್ಮ ಕಚೇರಿ ಮಂಗಳೂರಿನ ಮಣ್ಣಗುಡ್ಡದಲ್ಲಿ ಒಂದು ಹಂಚಿನ ಮನೆಯ ಮಾಳಿಗೆಯಲ್ಲಿತ್ತು. ರಾಜ್ಯ ಒಂದಾದ ಮರುವರ್ಷ ನಾನು ಅಲ್ಲಿ ಸೇರಿದೆ. ಆಡುಮಾತಿನ ಶಬ್ದಗಳನ್ನು ಜನರ ಬಾಯಿಂದಲೇ ಕೇಳಿ ನಿಘಂಟು ಮಾಡುವುದು ನಮ್ಮ ಕೆಲಸ. ಮುಖ್ಯ ಸಂಪಾದಕರನ್ನು ಎಲ್ಲರೂ ಪಂಡಿತರು ಎಂದೇ ಕರೆಯುತ್ತಿದ್ದರು. ಶಾಲಾ ಮಾಸ್ತರಿಕೆಯಿಂದ ನಿವೃತ್ತರಾದವರು, ಮುಚ್ಚುಕೋಟು, ನಶ್ಯದ ಡಬ್ಬಿ, ಯಾವಾಗಲೂ ತಣ್ಣಗಿನ ದನಿ. ಚೀಟಿಗಳ ಕಪಾಟು ನೋಡಿಕೊಳ್ಳುತ್ತಿದ್ದವರು ಸಿಸಿಲಿಯಾ ಬಾಯಿ, ಕೊಂಕಣಿ ಮಾತಾಡುವ ಕ್ರೈಸ್ತರು. ಅವರಿಗೆ ಯಾವ ಚೀಟಿ ಯಾವ ಖಾನೆಯಲ್ಲಿದೆ ಎಂಬುದು ಕಣ್ಣು ಮುಚ್ಚಿಯೂ ಗೊತ್ತಿತ್ತು. ಮೂರನೆಯವನು ನಾನು, ದೇವಸ್ಥಾನದ ಅರ್ಚಕರ ಮಗ, ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಇಬ್ಬರೂ ನನ್ನನ್ನು ಭಟ್ರೇ ಎನ್ನುತ್ತಿದ್ದರು.

ಪಂಡಿತರ ಕಟ್ಟಳೆ ಹೀಗಿತ್ತು. ಹೊರಗೆ ಹೋದಾಗ ಕೇಳಿದ್ದನ್ನು ನೋಟುಬುಕ್ಕಿನಲ್ಲಿ ಬರೆದುಕೊಳ್ಳಬೇಕು. ಅದೇ ದಿನ ಒಂದು ಶಬ್ದಕ್ಕೆ ಒಂದರಂತೆ ಚೀಟಿಗೆ ಇಳಿಸಬೇಕು. ಚೀಟಿಯ ಕೆಳಗೆ ಹೇಳಿದವರ ಹೆಸರು, ಊರು. ಆಮೇಲೆ ಹೇಳಿದವರನ್ನು ಕೂರಿಸಿ ಆ ಚೀಟಿಯನ್ನು ಅವರಿಗೆ ಓದಿ ಹೇಳಬೇಕು. ಅವರು ಹೌದು ಎಂದರೆ ಮೂಲೆಯಲ್ಲಿ ‘ಓ.ಹೇ.’ ಎಂದು ಎರಡು ಅಕ್ಷರ ಹಾಕಬೇಕು, ಓದಿ ಹೇಳಿದೆ ಎಂದು ಅದರ ಅರ್ಥ. ಆ ಎರಡು ಅಕ್ಷರ ಇಲ್ಲದ ಚೀಟಿಯನ್ನು ಸಿಸಿಲಿಯಾ ಬಾಯಿ ಕಪಾಟಿನ ಒಳಗೆ ಬಿಡುತ್ತಿರಲಿಲ್ಲ. “ನೆನಪಿನಿಂದ ಬರೆಯುವವರು ಕಾದಂಬರಿ ಬರೆಯಲಿ, ಇಲ್ಲಿ ಬೇಡ” ಎಂದು ಪಂಡಿತರು ಹೇಳುತ್ತಿದ್ದರು. ನನಗಿಂತ ಮೊದಲು ಇದ್ದವರೊಬ್ಬರನ್ನು ಇದೇ ಕಾರಣಕ್ಕೆ ಮನೆಗೆ ಕಳುಹಿಸಿದ್ದರಂತೆ.

ಸೇರಿದ ಮೊದಲ ವರ್ಷ ನನ್ನ ಪಾಲಿಗೆ ಬಂದ ಶಬ್ದಗಳಲ್ಲಿ ಕುರಿಮರಿ ಒಂದು. ಇದರಲ್ಲಿ ಎಂತ ಉಂಟು ಮಹಾ ಎಂದುಕೊಂಡು ಹೊರಗೆ ಹೋಗದೆ, ಯಾರನ್ನೂ ಕೇಳದೆ, ಮಾಳಿಗೆಯ ಕಿಟಕಿಯ ಬಳಿ ಕೂತೇ ಬರೆದು ಕೊಟ್ಟೆ. ತಪ್ಪು ಚೀಟಿ ಸಿಕ್ಕಿದರೆ ಪಂಡಿತರು ಬೈಯುತ್ತಿರಲಿಲ್ಲ, ಬರೆದವರಿಂದಲೇ ಗಟ್ಟಿಯಾಗಿ ಓದಿಸುತ್ತಿದ್ದರು. ನಾನು ಎದ್ದು ನಿಂತು ಓದಿದೆ: “ಕುರಿಮರಿ. ಗಿಡ್ಡ ಬಾಲ, ಗದ್ದದ ಕೆಳಗೆ ಸಣ್ಣ ಗಡ್ಡ ಬರುವಂಥದ್ದು. ಕಂಪೌಂಡಿನ ಗೋಡೆ ಹತ್ತಿ ದಾಸವಾಳದ ಗಿಡ ತಿನ್ನುತ್ತದೆ.”

“ಭಟ್ರೇ, ನೀವು ಕುರಿಯನ್ನು ಕಂಡದ್ದುಂಟಾ?” ಎಂದು ಪಂಡಿತರು ಕೇಳಿದರು.

“ಉಂಟು, ನಮ್ಮ ಬೀದಿಯಲ್ಲೇ ನಾಲ್ಕು ಉಂಟು.”

“ಅದು ಆಡು ಮಾರಾಯ್ರೇ!”

ಸಿಸಿಲಿಯಾ ಬಾಯಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ನನ್ನೊಬ್ಬನದೇ ತಪ್ಪಲ್ಲ. ನಮ್ಮ ಕಡಲ ಕರೆಯ ಮಳೆಗೆ ಕುರಿ ಬಾಳುವುದಿಲ್ಲ, ಸಾಕಿದವರೂ ಇಲ್ಲ. ಪೇಟೆಯಲ್ಲಿ ಆಡಿನ ಮಾಂಸವನ್ನೂ ಕುರಿ ಮಾಂಸ ಎಂದೇ ಮಾರುತ್ತಿದ್ದರು, ಮಾಂಸ ತಿನ್ನದ ನಮ್ಮ ಮನೆಯವರಿಗೆ ಅಷ್ಟೂ ಗೊತ್ತಿರಲಿಲ್ಲ. ನಗು ನಿಂತ ಮೇಲೆ ಬಾಯಿ ಕೂಡ ತಮ್ಮ ಗುಟ್ಟು ಬಿಟ್ಟುಕೊಟ್ಟರು: “ನಮ್ಮ ಇಗರ್ಜಿಯಲ್ಲಿ ಪ್ರತಿ ಆದಿತ್ಯವಾರ ಲ್ಯಾಟಿನಿನಲ್ಲಿ ದೇವರ ಕುರಿಮರಿ ಅಂತ ಹೇಳ್ತೇವೆ ಭಟ್ರೇ, ಪೀಠದಲ್ಲಿ ಚಿತ್ರವೂ ಉಂಟು. ನನ್ನ ಅಮ್ಮ ಸಾಯುವವರೆಗೂ ಅದು ಬಿಳಿ ನಾಯಿಮರಿ ಅಂತಲೇ ತಿಳ್ಕೊಂಡಿದ್ರು. ಎಷ್ಟು ಸಾಧು, ಪಾಪದ ನಾಯಿ ನೋಡು ಅಂತಿದ್ರು.” ಅದಕ್ಕೂ ಒಂದು ಚೀಟಿ ಮಾಡಿಸಿದರು ಪಂಡಿತರು. ಇಗರ್ಜಿಯಲ್ಲಿ ಯೇಸುವಿಗೆ ಹೇಳುವ ಹೆಸರು ಎಂದು ಮೊದಲ ಬಾರಿ ನಿಯಮದಂತೆ ಬರೆದು, ಬಾಯಿಗೇ ಓದಿ ಹೇಳಿ, ‘ಓ.ಹೇ.’ ಹಾಕಿದೆ.

ಮರುದಿನದಿಂದ ನಾನು ಆ ಶಬ್ದದ ಹಿಂದೆ ಬಿದ್ದೆ. ಆ ದಿನಗಳು ನಿಜವಾಗಿ ಚೆನ್ನಾಗಿದ್ದವು, ಅದನ್ನೂ ಹೇಳಬೇಕು. ಮಗುವನ್ನು ಬೆನ್ನಿಗೆ ಹಾಕಿಕೊಂಡು ಆಡಿಸುವುದಕ್ಕೆ ಕೂಸುಮರಿ ಎನ್ನುತ್ತಾರೆ ಎಂದು ಬಯಲುಸೀಮೆಯಿಂದ ವರ್ಗವಾಗಿ ಬಂದಿದ್ದ ಪೋಸ್ಟ್ ಮಾಸ್ತರರ ಹೆಂಡತಿ ಹೇಳಿದರು. ಮುದ್ದಿಗೆ ಮರಿ ಎನ್ನುವುದು, ಹೇಳಿದ ಕಡೆ ತಲೆ ತಗ್ಗಿಸಿ ಹೋಗುವವನಿಗೆ ಕುರಿಮರಿ ಎನ್ನುವುದು, ಮೋಸ ಹೋದವನು ಕುರಿಯಾಗುವುದು, ಒಂದೊಂದೂ ಒಂದೊಂದು ಚೀಟಿಯಾಯಿತು. ಆದರೆ ನಿಜವಾದ ಕುರಿಮರಿಯನ್ನು ಮಾತ್ರ ನಾನು ಇನ್ನೂ ಕಂಡಿರಲಿಲ್ಲ. “ಮಳೆಗೆ ಮುಂಚೆ ಘಟ್ಟದ ಮೇಲಿನವರು ಮಂದೆ ಹೊಡೆದುಕೊಂಡು ಬರ್ತಾರೆ, ಕೊಟ್ಟಾರದಲ್ಲಿ ಹೋಗಿ ಕಾಯಿರಿ” ಎಂದರು ಪಂಡಿತರು.

ಮೂರು ದಿನ ಕೊಟ್ಟಾರದ ಹೆದ್ದಾರಿಯ ಬದಿಯಲ್ಲಿ ಕೊಡೆ ಹಿಡಿದು ನಿಂತೆ. ನಾಲ್ಕನೆಯ ದಿನ ಬೆಳಿಗ್ಗೆ ಮಂದೆ ಬಂತು. ಬಸ್ಸು, ಎತ್ತಿನ ಗಾಡಿ ಎಲ್ಲ ನಿಂತವು. ಹಿಂದೆ ಹೆಗಲಿಗೆ ಕಂಬಳಿ, ತಲೆಗೆ ರುಮಾಲು, ಕಂಕುಳಲ್ಲಿ ದಾರಿಯಲ್ಲೇ ಹುಟ್ಟಿದ ಒಂದು ಮರಿ ಹಿಡಿದುಕೊಂಡು ಬಂದವರು ಮೈಲಾರಪ್ಪ. ವಯಸ್ಸು ಐವತ್ತರ ಹತ್ತಿರ ಇರಬೇಕು. ನಾನು ಪುಸ್ತಕ, ಪೆನ್ನು ತೆಗೆದು ನಿಂತದ್ದನ್ನು ನೋಡಿ, ಯಾವುದೋ ತೆರಿಗೆಯವನು ಎಂದುಕೊಂಡು ಮೊದಲು ಕೈಮುಗಿದರು. ಕುರಿಮರಿ ನೋಡಲು ಬಂದವನು ಎಂದು ತಿಳಿದಾಗ ಏನೂ ಹೇಳದೆ ಮರಿಯನ್ನು ನನ್ನ ತೋಳಿಗೆ ಹಾಕಿದರು. ಅದು ನನ್ನ ಪಂಚೆಯನ್ನು ಒದ್ದೆ ಮಾಡಿತು.

“ಬರ್ಕಳ್ರಿ ಸ್ವಾಮಿ, ಇದುನ್ನೂ ಬರ್ಕಳ್ರಿ” ಎಂದು ಅವರು ನಕ್ಕರು.

ಅವರ ಜೊತೆಯವರು ಕುರಿ ಮಾರಿ ಮುಗಿಸುವವರೆಗೆ ಮೈಲಾರಪ್ಪ ಎರಡು ದಿನ ನಮ್ಮ ಕಚೇರಿಗೆ ಬಂದರು. ಬೆಂಚು ತೋರಿಸಿದರೂ ನೆಲದಲ್ಲೇ ಕೂತರು. ಆಗ ನಾನು ಅವರನ್ನು ನೀನು ಎಂದೇ ಮಾತಾಡಿಸಿದೆ. ನನ್ನ ತಂದೆಯ ವಯಸ್ಸಿನವರು ಎಂದು ಹೊಳೆಯಲೇ ಇಲ್ಲ, ಆಗಿನ ಕಾಲದಲ್ಲಿ ನಮ್ಮಂಥವರಿಗೆ ಅದು ಹೊಳೆಯುತ್ತಿರಲಿಲ್ಲ. ಅವರ ಹತ್ತಿರ ಇದ್ದದ್ದು ದೊಡ್ಡ ಭಂಡಾರ. ಹಾಲು ಬಿಟ್ಟು ಬೇರೆ ತಿನ್ನದ ಮರಿ, ಸೊಪ್ಪಿಗೆ ಬಾಯಿ ಹಾಕಲು ಕಲಿತ ಮರಿ, ತಾಯಿ ಸತ್ತ ತಬ್ಬಲಿ, ತಾಯಿ ಬದುಕಿದ್ದೂ ಹತ್ತಿರ ಸೇರಿಸದ ಮರಿ, ಕಿವಿ ಗಿಡ್ಡದ್ದು, ಕಣ್ಣ ಸುತ್ತ ಕಪ್ಪು ಇದ್ದದ್ದು, ಮಂದೆಯ ಹಿಂದೆ ಉಳಿದು ಅರಚುವುದು, ಎಲ್ಲಕ್ಕೂ ಅವರಲ್ಲಿ ಬೇರೆ ಬೇರೆ ಹೆಸರು. ತಬ್ಬಲಿ ಮರಿಗೆ ಸತ್ತ ಮರಿಯ ಚರ್ಮ ಹೊದಿಸಿ, ಮರಿ ಕಳೆದುಕೊಂಡ ಕುರಿಯ ಹತ್ತಿರ ಬಿಟ್ಟು ಹಾಲು ಕುಡಿಸುವುದನ್ನು ಅವರು ವಿವರಿಸಿದಾಗ ಸಿಸಿಲಿಯಾ ಬಾಯಿ ಕಪಾಟು ಬಿಟ್ಟು ಬಂದು ಕೇಳುತ್ತಾ ನಿಂತರು.

ಎರಡನೆಯ ದಿನ ಸಂಜೆ ನನಗೆ ಆಯಾಸವಾಗಿತ್ತು. ಮರುದಿನ ಪಣಂಬೂರಿಗೆ ಹೋಗಿ ಮೀನುಗಾರರ ಶಬ್ದಗಳನ್ನು ಶುರು ಮಾಡಬೇಕಿತ್ತು, ಮನಸ್ಸು ಆಗಲೇ ಅಲ್ಲಿತ್ತು. ಮೈಲಾರಪ್ಪ ಕೊನೆಯದಾಗಿ, ತಮ್ಮ ದೇವರಾದ ಬೀರಪ್ಪನ ಮರಿ ಎಂಬುದರ ಬಗ್ಗೆ ಹೇಳತೊಡಗಿದರು. ಹೇಳುವ ಮೊದಲು ರುಮಾಲು ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡದ್ದು ನನಗೆ ನೆನಪಿದೆ. ಅವರು ಹೇಳಿದ್ದು ನೆನಪಿಲ್ಲ. ಕೈ ಬರೆಯುತ್ತಾ ಹೋಯಿತು, ಕಣ್ಣು ಗಡಿಯಾರದ ಮೇಲಿತ್ತು.

“ಈಗ ಓದಿ ಹೇಳ್ತೀರಾ ಸ್ವಾಮಿ?” ಎಂದು ಅವರೇ ಕೇಳಿದರು.

“ಈಗ ಹೊತ್ತಿಲ್ಲ. ನಾಡಿದ್ದು ಬೆಳಿಗ್ಗೆ ಬಾ, ಎಲ್ಲ ಒಟ್ಟಿಗೆ ಓದಿ ಹೇಳ್ತೇನೆ” ಎಂದೆ.

ಎರಡೂ ದಿನ ಬರೆದುಕೊಂಡದ್ದನ್ನು ಚೀಟಿಗೆ ಇಳಿಸುವುದನ್ನೂ ನಾಡಿದ್ದಿಗೇ ಬಿಟ್ಟೆ. ಪಣಂಬೂರಿನಲ್ಲಿ ಆಗ ಬಂದರು ಇರಲಿಲ್ಲ, ಬರೀ ಮರಳು ಮತ್ತು ದೋಣಿಗಳು. ಒಂದು ದಿನದಲ್ಲಿ ಕೆಲಸ ಮುಗಿಯದೆ ಮರುದಿನವೂ ಅಲ್ಲಿಗೇ ಹೋದೆ, ಮೈಲಾರಪ್ಪನಿಗೆ ಹೇಳಿದ ಮಾತು ತಲೆಯಲ್ಲೇ ಇರಲಿಲ್ಲ. ಶೂರತನ ತೋರಿಸಲು ಹೋಗಿ ದೋಣಿ ಹತ್ತುವಾಗ ಕಾಲು ಜಾರಿ ಸೊಂಟದವರೆಗೆ ನೀರಿಗೆ ಬಿದ್ದೆ. ಜುಬ್ಬಾದ ಜೇಬಿನಲ್ಲಿ ನೋಟುಬುಕ್ಕು ಇತ್ತು. ಮನೆಗೆ ಬಂದು ಬಿಡಿಸಿ ನೋಡಿದರೆ ಪುಟಗಳೆಲ್ಲ ನೀಲಿ, ಒಂದು ಅಕ್ಷರವೂ ಉಳಿದಿರಲಿಲ್ಲ. ಕಚೇರಿಗೆ ಹೋದಾಗ ಸಿಸಿಲಿಯಾ ಬಾಯಿ ಹೇಳಿದರು: “ನಿನ್ನೆ ಆ ಘಟ್ಟದವರು ಮಧ್ಯಾಹ್ನದವರೆಗೆ ಜಗಲಿಯಲ್ಲಿ ಕಾದು ಹೋದ್ರು ಭಟ್ರೇ. ಜೊತೆಯವರು ಹೊರಟ್ರಂತೆ. ಬರುವ ವರ್ಷ ಬರ್ತೇನೆ ಅಂದ್ರು.”

ಆಗ ಪಂಡಿತರ ಬಳಿ ಹೋಗಿ, ಪುಸ್ತಕ ನೀರಿಗೆ ಬಿತ್ತು, ಮುಂದಿನ ವರ್ಷ ಮತ್ತೆ ಕೇಳುತ್ತೇನೆ ಎಂದಿದ್ದರೆ ಅವರು ಒಂದು ಚಿಟಿಕೆ ನಶ್ಯ ಏರಿಸಿ ಸುಮ್ಮನಾಗುತ್ತಿದ್ದರು ಎಂದು ಈಗ ಅನ್ನಿಸುತ್ತದೆ. ಆದರೆ ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ, ಆಡಿನ ಚೀಟಿ ಓದಿದ ಅವಮಾನ ಇನ್ನೂ ಹಸಿಯಾಗಿತ್ತು. ಅದೇ ದಿನ ಚೀಟಿಗೆ ಇಳಿಸದೆ ಕಡಲಿಗೆ ಹೋದದ್ದೇಕೆ ಎಂದು ಕೇಳಿದರೆ ನನ್ನಲ್ಲಿ ಉತ್ತರ ಇರಲಿಲ್ಲ. ಒಂದು ವಾರ ಬಾಗಿಲು ಹಾಕಿಕೊಂಡು ಮನೆಯಲ್ಲಿ ಕೂತು ನೆನಪಿನಿಂದಲೇ ಅಷ್ಟೂ ಚೀಟಿ ಬರೆದೆ.

ಹೆಚ್ಚಿನವು ಸರಿಯಾಗಿಯೇ ಬಂದವು, ಆಗ ನನ್ನ ನೆನಪು ಚುರುಕಾಗಿತ್ತು. ಬೀರಪ್ಪನ ಮರಿ ಮಾತ್ರ ಬರಲಿಲ್ಲ. ದೇವರಿಗೆ ಬಿಟ್ಟ ಮರಿ ಎಂಬಷ್ಟು ಗೊತ್ತು. ಬಿಟ್ಟ ಮೇಲೆ ಏನು? ನನಗೆ ಗೊತ್ತಿದ್ದದ್ದು ನಮ್ಮ ದೇವಸ್ಥಾನ. ನಮ್ಮಲ್ಲಿ ಹರಕೆಗೆ ಬಂದ ಸೌತೆಕಾಯಿ, ಹಲಸಿನಹಣ್ಣು, ಬಾಳೆಗೊನೆ, ಒಮ್ಮೊಮ್ಮೆ ಕರು, ಎಲ್ಲವನ್ನೂ ಪೂಜೆಯ ನಂತರ ಅಂಗಳದಲ್ಲಿ ಏಲಂ ಹಾಕುತ್ತಾರೆ. ಭಕ್ತರು ದೇವರದ್ದು ಎಂದು ಸಂತೋಷದಿಂದ ಕೂಗಿ ಕೊಳ್ಳುತ್ತಾರೆ, ಅದರಲ್ಲಿ ಯಾರಿಗೂ ತಪ್ಪು ಕಾಣುವುದಿಲ್ಲ. ಎಲ್ಲ ದೇವರಿಗೂ ಹಾಗೆಯೇ ಇರಬೇಕು ಎಂದುಕೊಂಡು ಬರೆದೆ: “ಬೀರಪ್ಪ ದೇವರಿಗೆ ಹರಕೆಯಾಗಿ ಬಿಟ್ಟು, ಬೆಳೆದ ಮೇಲೆ ಮಾರುವ ಮರಿ. ದೇವರ ಮಂದೆ ಕಾಯುವವರು ಇದನ್ನು ಪೇಟೆಗೆ ತಂದು ಮಾರುತ್ತಾರೆ.” ಎರಡನೆಯ ವಾಕ್ಯ ಚೀಟಿ ತುಂಬಿಕೊಂಡು ಕಾಣಲಿ ಎಂದು ಸೇರಿಸಿದ್ದು. ಕೆಳಗೆ ಮೈಲಾರಪ್ಪನ ಹೆಸರು, ಊರು ಬರೆದೆ. ಮೂಲೆಯಲ್ಲಿ ‘ಓ.ಹೇ.’ ಎಂದು ಹಾಕಿದೆ. ಪೆನ್ನು ಒಂದು ಗಳಿಗೆ ನಿಂತದ್ದು ನಿಜ, ಆದರೂ ಹಾಕಿದೆ.

ಪಂಡಿತರಿಗೆ ಆ ಚೀಟಿಗಳೆಲ್ಲ ತುಂಬ ಇಷ್ಟವಾದವು. “ಭಟ್ರೇ, ಈಗ ನೀವು ಕುರಿ ಕಂಡಿರಿ” ಎಂದರು. ಬರುವ ವರ್ಷ ಮೈಲಾರಪ್ಪ ಬಂದಾಗ ಕೇಳಿ ಸರಿಮಾಡಿಕೊಂಡರಾಯಿತು ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ. ಮರುವರ್ಷ ಅವರು ಬಂದಿದ್ದರಂತೆ, ಕಚೇರಿಗೂ ಬಂದು ವಿಚಾರಿಸಿದರಂತೆ. ನಾನು ಅಕ್ಕನ ಮನೆಯ ಉಪನಯನಕ್ಕೆ ಹೋಗಿದ್ದೆ. ವಾಪಸ್ಸು ಬಂದ ಮೇಲೆ ಕೊಟ್ಟಾರದವರೆಗೆ ಹೋಗಿ ಹುಡುಕಲೂ ಇಲ್ಲ. ಕೆಲಸ ಅಷ್ಟರಲ್ಲಿ ಖಾಯಂ ಆಗಿತ್ತು.

ಅದಾಗಿ ಎರಡು ವರ್ಷಕ್ಕೆ ಕಕಾರದ ಸಂಪುಟ ಅಚ್ಚಾಯಿತು, ಬೀರಪ್ಪನ ಮರಿಯೂ ಕುರಿಮರಿಯ ಪುಟದಲ್ಲೇ ಬಂತು. ಹೆಸರು ಹಾಕಿದ ಪ್ರತಿಯೊಬ್ಬರಿಗೂ ಒಂದು ಪ್ರತಿಯನ್ನು ಅಂಚೆಯಲ್ಲಿ ಕಳುಹಿಸುವುದು ಪಂಡಿತರ ಪದ್ಧತಿ. ಓದು ಬಾರದವರಿಗೂ ಕಳುಹಿಸುತ್ತಿದ್ದರು. “ಕೊಟ್ಟವರ ಮನೆಯಲ್ಲಿ ಅವರು ಕೊಟ್ಟದ್ದು ಇರಬೇಕು” ಎನ್ನುತ್ತಿದ್ದರು. ಮೈಲಾರಪ್ಪನ ಪ್ರತಿಯನ್ನು ಕಟ್ಟಿ, ಮೇಲೆ ವಿಳಾಸ ಬರೆದವನು ನಾನೇ.

ಮಳೆಗಾಲ ಮುಗಿದ ಮೇಲೆ ಒಂದು ಬೆಳಿಗ್ಗೆ ಮೈಲಾರಪ್ಪ ಬಂದರು. ಅದು ಅವರು ಬರುವ ಕಾಲವಲ್ಲ. ಮಂದೆ ಇರಲಿಲ್ಲ, ಬಸ್ಸಿನಲ್ಲಿ ಬಂದಿದ್ದರು. ಕಂಬಳಿಯಲ್ಲಿ ಸುತ್ತಿದ್ದ ಸಂಪುಟವನ್ನು ತೆಗೆದು ಪಂಡಿತರ ಮೇಜಿನ ಮೇಲೆ ಎರಡೂ ಕೈಯಿಂದ ಇಟ್ಟರು.

“ನಮ್ಮ ಹಟ್ಟಿಗೆ ಅಂಚೇಲಿ ಬಂತು ಸ್ವಾಮಿ” ಎಂದು ಅವರು ಪಂಡಿತರಿಗೆ ಹೇಳಿದರು. “ನನ್ ಹೆಸ್ರು ಅಚ್ಚಾಗೈತೆ ಅಂತ ಎಲ್ರುನ್ನೂ ಕಟ್ಟೆಗೆ ಕರೆದೆ. ಇಸ್ಕೂಲ್ ಮೇಷ್ಟ್ರು ಗಟ್ಟಿಯಾಗಿ ಓದಿದ್ರು. ಎಲ್ಲಾ ಸರಿಯಾಗೇ ಬಂತು, ಜನ ಖುಷಿಪಟ್ರು. ಬೀರಪ್ಪನ ಮರಿ ಬಂದಾಗ ಯಾರೂ ಮಾತಾಡ್ಲಿಲ್ಲ. ಮೇಷ್ಟ್ರು ಇನ್ನೊಂದ್ಸಲ ಓದಿದ್ರು.”

ಪಂಡಿತರು ಸಂಪುಟ ತೆರೆದು ಆ ಪುಟ ನೋಡಿದರು. “ಇದರಲ್ಲಿ ತಪ್ಪು ಉಂಟಾ?”

“ಬೀರಪ್ಪನ ಮರೀನ ಮಾರಂಗಿಲ್ಲ ಸ್ವಾಮಿ. ಕಡಿಯಂಗೂ ಇಲ್ಲ. ಅದರ ಉಣ್ಣೆ ದೇವ್ರ ಗದ್ದಿಗೆ ಕಂಬಳಿಗೆ. ಮುದಿಯಾಗಿ ಸತ್ರೆ ಮನುಷ್ಯರಂಗೆ ಮಣ್ಣು ಮಾಡ್ತೀವಿ. ದೇವ್ರ ಮಂದೆ ಕಾಯೋದು ನಮ್ ತಾತನ ಕಾಲದಿಂದ ನಮ್ ಮನೇದು. ವರ್ಷಾವರ್ಷ ನಾನು ಕುರಿ ಮಾರಕ್ಕೆ ಇಲ್ಲಿಗೆ ಬರ್ತೀನಲ್ಲ, ದೇವ್ರ ಮರೀನೂ ಮಾರ್ತಿದ್ದೆ, ಬಾಯ್ತಪ್ಪಿ ಇಲ್ಲಿ ಒಪ್ಕಂಡಿದೀನಿ ಅಂತಾರೆ ಜನ. ಮಂದೆ ನನ್ನಿಂದ ಬಿಡಿಸಿದ್ರು. ನಾನು ಹಂಗೆ ಹೇಳಿಲ್ಲ ಅಂತ ಒಂದು ಕಾಗದ ಬರ್ದು ಕೊಡ್ರಿ, ಸಾಕು. ಮೇಷ್ಟ್ರು ಓದಿ ಹೇಳ್ತಾರೆ.”

ಪಂಡಿತರು ಸಿಸಿಲಿಯಾ ಬಾಯಿಯಿಂದ ಚೀಟಿ ತರಿಸಿದರು. ಕನ್ನಡಕ ಏರಿಸಿ ನಿಧಾನವಾಗಿ ಓದಿದರು, ಮೂಲೆಯನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

“ಭಟ್ರೇ, ಇದನ್ನು ಇವರಿಗೆ ಓದಿ ಹೇಳಿದ್ದೀರಲ್ಲ?”

ನಾನು “ಹೌದು” ಎಂದೆ.

“ಸ್ವಲ್ಪ ಯೋಚನೆ ಮಾಡಿ ಹೇಳಿ. ನಿಮಗೆ ಅನುಮಾನ ಇದ್ದರೆ ನಾನು ಈಗಲೇ ಕಾಗದ ಬರೆದು ಕೊಡ್ತೇನೆ, ತಿದ್ದುಪಡಿಯೂ ಹಾಕುವ. ಮನುಷ್ಯನಿಗೆ ತಪ್ಪು ಆಗ್ತದೆ.”

ಅವರು ನನಗೆ ಬಾಗಿಲು ತೆರೆದು ಹಿಡಿದಿದ್ದರು ಎಂದು ಈಗ ಗೊತ್ತಾಗುತ್ತದೆ. ಆಗ ನನಗೆ ಕಂಡದ್ದು ನನಗಿಂತ ಮೊದಲು ಮನೆಗೆ ಹೋದವನು, ಮದುವೆ ನಿಶ್ಚಯವಾಗಿದ್ದ ತಂಗಿ, ಮತ್ತು ಎದ್ದು ನಿಂತು ಗಟ್ಟಿಯಾಗಿ ಓದಬೇಕಾದ ಇನ್ನೊಂದು ಚೀಟಿ. “ಅನುಮಾನ ಇಲ್ಲ. ಓದಿ ಹೇಳಿದೆ, ಹೌದು ಅಂದ” ಎಂದೆ.

ಮೈಲಾರಪ್ಪ ನನ್ನನ್ನು ನೋಡಿದರು. ಸಿಟ್ಟು ಮಾಡಿದ್ದರೆ, ಸುಳ್ಳುಗಾರ ಎಂದು ಕೂಗಿದ್ದರೆ ನಾನು ಹೇಗೋ ತಡೆದುಕೊಳ್ಳುತ್ತಿದ್ದೆ. ಅವರು ಪಂಡಿತರ ಕೈಯಲ್ಲಿದ್ದ ಚೀಟಿಯನ್ನು ಕೇಳಿ ಪಡೆದು, ತಲೆಕೆಳಗಾಗಿ ಹಿಡಿದು ಬಹಳ ಹೊತ್ತು ನೋಡಿದರು.

“ಇದ್ರಾಗೆ ಹಂಗೇ ಬರ್ದೈತಾ ಸ್ವಾಮಿ?”

“ಹಾಗೇ ಉಂಟು” ಎಂದರು ಪಂಡಿತರು.

“ಓದೂ ಹೇಳಿದ್ರಾ?” ಎಂದು ಅವರು ನನ್ನನ್ನು ಕೇಳಿದರು. ನಾನು ತಲೆಯಾಡಿಸಿದೆ. “ಹಂಗಾದ್ರೆ ನಾನೇ ಹೇಳಿರ್ಬೇಕು. ನಂಗೆ ಓದು ಬರಲ್ಲ. ಓದಿದೋರು ಯಾಕೆ ಸುಳ್ಳು ಬರೀತಾರೆ?” ಎಂದು ಚೀಟಿಯನ್ನು ಹಿಂದಕ್ಕೆ ಕೊಟ್ಟರು. ಸಂಪುಟವನ್ನು ಮೇಜಿನ ಮೇಲೆಯೇ ಬಿಟ್ಟು ಮೆಟ್ಟಿಲು ಇಳಿದು ಹೋದರು. ಊಟಕ್ಕೆ ನಿಲ್ಲಿ ಎಂದು ಪಂಡಿತರು ಹಿಂದಿನಿಂದ ಕರೆದರೂ ನಿಲ್ಲಲಿಲ್ಲ.

ಆ ದಿನ ಮಧ್ಯಾಹ್ನ ಪಂಡಿತರು ಊಟಕ್ಕೆ ಹೋದಾಗ ಸಿಸಿಲಿಯಾ ಬಾಯಿ ನನ್ನ ಮೇಜಿನ ಬಳಿ ಬಂದರು. “ಅವರು ಜಗಲಿಯಲ್ಲಿ ಕಾದು ಹೋದದ್ದು ನಾನು ಕಂಡಿದ್ದೇನೆ ಭಟ್ರೇ. ಮತ್ತೆ ನೀವು ಯಾವಾಗ ಓದಿ ಹೇಳಿದ್ದು?” ಎಂದು ಕೇಳಿದರು.

“ಬಾಯಿ, ದಯವಿಟ್ಟು. ಕೆಲಸ ಹೋಗ್ತದೆ” ಎಂದೆ.

ಅವರು ಪಂಡಿತರಿಗೆ ಹೇಳಲಿಲ್ಲ. ಹೇಳಬೇಕಾದವನು ನಾನು, ಅವರಲ್ಲ. ಆದರೆ ಅಂದಿನಿಂದ ನನ್ನ ಚೀಟಿಗಳನ್ನು ಅವರು ಕೈಯಲ್ಲಿ ತೆಗೆದುಕೊಳ್ಳುತ್ತಿರಲಿಲ್ಲ. “ಅಲ್ಲಿ ಮೇಜಿನ ಮೇಲೆ ಇಡಿ” ಎನ್ನುತ್ತಿದ್ದರು. ಅವರು ಕೆಲಸ ಬಿಟ್ಟು ಮಗಳ ಮನೆಗೆ ಹೋಗುವವರೆಗೂ ಹಾಗೆಯೇ ನಡೆಯಿತು. ನನಗೆ ಅದು ನ್ಯಾಯವೇ ಆಗಿತ್ತು.

ನಂತರ ಕೆಲಸದ ರೀತಿ ಬದಲಾಯಿತು. ಅರವತ್ತರ ದಶಕದ ನಡುವೆ ಕಚೇರಿಗೆ ಒಂದು ಟೇಪ್ ರೆಕಾರ್ಡರ್ ಬಂತು, ಅದನ್ನು ಹೊರಲು ಇಬ್ಬರು ಬೇಕು. ಹೇಳಿದವರ ದನಿಯೇ ಪೆಟ್ಟಿಗೆಯೊಳಗೆ ಉಳಿಯತೊಡಗಿತು. ಪಂಡಿತರು ಅದನ್ನು ಮೆಚ್ಚಿದರು, ಆದರೂ ಓದಿ ಹೇಳುವ ಕಟ್ಟಳೆ ಬಿಡಲಿಲ್ಲ. ನಾನು ಹೊಸಬರಿಗೆ ಆ ಕಟ್ಟಳೆಯನ್ನು ಕಲಿಸುತ್ತಿದ್ದೆ, ತಪ್ಪಿದವರನ್ನು ಗದರಿಸುತ್ತಿದ್ದೆ ಕೂಡ.

ಪಂಡಿತರು ತೀರಿಕೊಂಡ ವರ್ಷ ಕಕಾರದ ಸಂಪುಟದ ಎರಡನೆಯ ಮುದ್ರಣಕ್ಕೆ ಕೈ ಹಾಕಿದೆವು. ಅವರು ನನ್ನ “ಹೌದು” ಎಂಬುದನ್ನು ನಂಬಿಯೇ ಹೋದರು. ಬೀರಪ್ಪನ ಮರಿಯ ಅರ್ಥವನ್ನು ನಾನು ತಿದ್ದಿದೆ, ಮೈಲಾರಪ್ಪ ಅಂದು ಮೇಜಿನ ಎದುರು ನಿಂತು ಹೇಳಿದಂತೆಯೇ ಬರೆದೆ. ಆದರೆ ಅವರ ಹೆಸರನ್ನು ಉಳಿಸಿದರೆ ಮೊದಲಿನದ್ದಕ್ಕೂ ಇದಕ್ಕೂ ಯಾಕೆ ವ್ಯತ್ಯಾಸ ಎಂದು ಯಾರಾದರೂ ಕೇಳಬಹುದಿತ್ತು. ಆದ್ದರಿಂದ ಹೆಸರನ್ನು ತೆಗೆದುಹಾಕಿದೆ, ಆ ಒಂದು ಅರ್ಥದಿಂದ ಮಾತ್ರವಲ್ಲ, ಅವರು ಕೊಟ್ಟ ಮೂವತ್ತಕ್ಕೂ ಹೆಚ್ಚು ಶಬ್ದಗಳಿಂದ. ಹೊಸಬರು ಮಾದರಿ ಎಂದು ಓದುತ್ತಿರುವುದು ಆ ಪುಟವನ್ನು. ಅದರಲ್ಲಿ ನನ್ನದು ಎಂಬುದು ಒಂದೇ ಒಂದು ಅಕ್ಷರವೂ ಇಲ್ಲ.

ಆ ಪುಟ ಅಚ್ಚಾಗಿ ಬಂದ ದಿನ ನನಗೆ ತಡೆಯಲಾಗಲಿಲ್ಲ. ರಜೆ ಹಾಕಿ ಘಟ್ಟ ಹತ್ತಿದೆ. ಎರಡು ಬಸ್ಸು ಬದಲಿಸಿ, ಆಮೇಲೆ ಬಿಸಿಲಿನಲ್ಲಿ ಮೂರು ಮೈಲಿ ನಡೆದು ಅವರ ಹಟ್ಟಿ ಸೇರಿದೆ. ಮೈಲಾರಪ್ಪ ಒಂದು ಬೇವಿನ ಮರದ ಕೆಳಗೆ ಬೇರೆಯವರ ಕುರಿ ಕಾಯುತ್ತಾ ಕೂತಿದ್ದರು. ಬಹಳ ಮುದುಕರಾಗಿದ್ದರು. ನನ್ನ ಗುರುತು ಕೂಡಲೇ ಸಿಕ್ಕಿತು, ಎದ್ದು ಕೈಮುಗಿದು, ಕಂಬಳಿ ಹಾಸಿ ಕೂರಿಸಿದರು. ನಾನು ಮೊದಲ ಬಾರಿಗೆ ಅವರನ್ನು ನೀವು ಎಂದೆ. ಪುಸ್ತಕ ನೀರಿಗೆ ಬಿದ್ದದ್ದು, ನೆನಪಿನಿಂದ ಬರೆದದ್ದು, ಓದಿ ಹೇಳದೆ ಹೇಳಿದೆ ಎಂದದ್ದು, ಎಲ್ಲವನ್ನೂ ಹೇಳಿದೆ. “ತಪ್ಪು ನನ್ನದು. ನೀವು ಒಂದು ಮಾತೂ ತಪ್ಪು ಹೇಳಿರಲಿಲ್ಲ. ನಿಮ್ಮ ಜನರನ್ನು ಕರೆಯಿರಿ, ಕಟ್ಟೆಯ ಮೇಲೆ ನಿಂತು ಎಲ್ಲರ ಎದುರು ಹೇಳ್ತೇನೆ” ಎಂದೆ.

ಅವರು ಅಂಚಿಗೆ ಹೋಗಿದ್ದ ಒಂದು ಕುರಿಯನ್ನು ಕೂಗಿ ಹಿಂದಕ್ಕೆ ತಿರುಗಿಸಿದರು. ಕುರಿಗಳು ಮೇಯುತ್ತಿದ್ದವು.

“ಹಂಗಾದ್ರೆ ನಾನು ಹೇಳಿರ್ಲಿಲ್ಲ” ಎಂದರು ಕೊನೆಗೆ, ತಮಗೇ ಹೇಳಿಕೊಳ್ಳುವಂತೆ.

“ಇಲ್ಲ, ಹೇಳಿರಲಿಲ್ಲ.”

“ಬ್ಯಾಡ ಸ್ವಾಮಿ. ಈಗ ಯಾರ್ಗೂ ಹೇಳ್ಬ್ಯಾಡ್ರಿ.”

ಯಾಕೆ ಎಂದು ಕೇಳಿದೆ.

“ನಿಮ್ಮೂರಿಂದ ಬಂದ ಮ್ಯಾಲೆ ಒಂದು ವರ್ಷ ಜನ್ರ ಮುಂದೆ ಒಪ್ಲಿಲ್ಲ ನಾನು, ಪಂಕ್ತಿಯಿಂದ ಹೊರಗಿಟ್ರು. ಆಮೇಲೆ ಚೀಟಿ ನೆನಸ್ಕಂಡೆ. ಬರ್ದಿರೋದು ಸುಳ್ಳಾಗಕ್ಕಿಲ್ಲ, ನನ್ ನೆನಪೇ ಸುಳ್ಳು ಅಂದ್ಕಂಡೆ. ಬೀರಪ್ಪನ ಗುಡಿ ಮುಂದೆ ಎಲ್ರೆದ್ರಿಗೂ ಅಡ್ಡಬಿದ್ದು, ತಪ್ಪು ಹೇಳ್ದೆ ಸ್ವಾಮಿ ಅಂತ ಒಪ್ಕಂಡು ತಪ್ಪುಗಾಣಿಕೆ ಇಟ್ಟೆ. ಅದಾದ ಮ್ಯಾಲೆ ಜನ ಪಂಕ್ತೀಲಿ ಕೂರಿಸ್ಕಂಡ್ರು. ಈಗ ನೀವು ಕಟ್ಟೆ ಮ್ಯಾಲೆ ನಿಂತು ಇವ್ನು ಹೇಳೇ ಇರ್ಲಿಲ್ಲ ಅಂದ್ರೆ, ನಾನು ದೇವ್ರ ಮುಂದೆ ಸುಳ್ಳು ಹೇಳ್ದಂಗಾಯ್ತಲ್ಲ.”

ಮಾಡದ ತಪ್ಪನ್ನು ಅವರು ತಮ್ಮ ದೇವರ ಎದುರು ಒಪ್ಪಿಕೊಳ್ಳುವಂತೆ ಮಾಡಿದವನು ನಾನು. ಈಗ ನಿಜ ಹೇಳಿದರೆ ಅದು ಅವರನ್ನೇ ಹೊಡೆಯುತ್ತಿತ್ತು. ಅವರು ಎದ್ದು, “ಬಿಸ್ಲಾಗೆ ಬಂದಿದೀರಿ, ಮಜ್ಜಿಗೆ ಕುಡ್ದು ಹೋಗ್ರಿ” ಎಂದು ನನ್ನನ್ನು ಮನೆಗೆ ಕರೆದುಕೊಂಡು ಹೋದರು. ಮನೆಯವರಿಗೆ, ಮಂಗಳೂರಿನಲ್ಲಿ ತುಂಬ ಪುಸ್ತಕ ಬರೆಯುವವರು, ನೋಡಲು ಬಂದಿದ್ದಾರೆ ಎಂದು ಪರಿಚಯ ಮಾಡಿಸಿದರು.

ಮೈಲಾರಪ್ಪ ಈಗಿಲ್ಲ. ಅದಕ್ಕೇ ಇದನ್ನು ಬರೆಯಲು ಆಗುತ್ತಿದೆ, ಮುಂದಿನ ಮುದ್ರಣದಲ್ಲಿ ಅವರ ಹೆಸರನ್ನು ಅವರ ಶಬ್ದಗಳ ಕೆಳಗೆ ಹಾಕಿ ಎಂದು ಕಚೇರಿಗೆ ಕಾಗದವನ್ನೂ ಬರೆದಿದ್ದೇನೆ. ಆದರೆ ಹೊ‌ಸಬರಿಗೆ ನಾನು ಹೇಳದೆ ಬಿಡಬಾರದ ಮಾತು ಇನ್ನೊಂದಿದೆ. ಬೇವಿನ ಮರದ ಕೆಳಗೆ ಅವರು ಯಾರಿಗೂ ಹೇಳಬೇಡಿ ಎಂದಾಗ ನನಗೆ ದುಃಖವಾಯಿತು ಎಂದು ಮೇಲೆ ಬರೆದಂತೆ ಕಾಣಬಹುದು. ದುಃಖ ಆಮೇಲೆ ಬಂತು. ಮೊದಲು ನನಗೆ ಹಗುರವಾಯಿತು. ಇನ್ನು ಕಟ್ಟೆಯ ಮೇಲೆ ನಿಲ್ಲಬೇಕಾಗಿಲ್ಲ ಎಂದು ಒಳಗೊಳಗೇ ನೆಮ್ಮದಿಯ ಉಸಿರು ಬಿಟ್ಟೆ, ಅದನ್ನು ಅವರು ಕಂಡರು.